ಹೊಳಬಸಪ್ಪ ಕಾಕಾನ ಪಾಳಿ ಪಟ್ಟಿ

ಹೊಳಬಸಪ್ಪ ಕಾಕಾನ ವಿಸಿಟಿಂಗ್ ಕಾರ್ಡು ಅಚ್ಚಾಗಿ ಬಂದ ದಿನ ಅವರ ಹೆಂಡತಿ ಭೀಮವ್ವ ಕಾಕು ಅದನ್ನು ದೇವರ ಜಗಲಿಯ ಮೇಲಿಟ್ಟು, ಕುಂಕುಮ ಹಚ್ಚಿ, ‘ಪ್ರಾಡಕ್ಟ್ ಓನರ್’ ಅಂದರೇನು ಎಂದು ಕೇಳಿದರಂತೆ.

“ಓನರ್ ಅಂದ್ರ ಮಾಲಕ.”

“ಯಾವುದಕ್ಕ ಮಾಲಕರು ನೀವು?”

“ಬಾಕಿ ಉಳಿದ ಕೆಲಸಕ್ಕ.”

ಅದಕ್ಕೆ ಭೀಮವ್ವ ಕಾಕು, “ಹಂಗಾದ್ರ ಲಗ್ನ ಆದಾಗಿಂದ ನಾನ ಮಾಲಕಿ, ನನಗ್ಯಾರೂ ಕಾರ್ಡು ಮಾಡಿಸಿಲ್ಲ” ಅಂದರಂತೆ. ಮರುದಿನ ಆಫೀಸಿಗೆ ಬಂದು ಕಾಕಾ ಇದನ್ನು ನಮಗೆಲ್ಲ ಹೇಳಿ ತಾವೇ ಎಲ್ಲರಿಗಿಂತ ಹೆಚ್ಚು ನಕ್ಕರು. ಕಾರ್ಡಿಗೆ ಕುಂಕುಮ ಹಚ್ಚಿದ್ದು ಮಾತ್ರ ಅವರಿಗೆ ಬಹಳ ಹಿಡಿಸಿತ್ತು. ಅದು ಮುಖದಲ್ಲೇ ಕಾಣುತ್ತಿತ್ತು.

ನಾನು ಮಂಜರಿ. ಮನೆತನ ಧಾರವಾಡದ್ದು, ಹುಟ್ಟಿ ಬೆಳೆದದ್ದು ಪುಣೆಯಲ್ಲಿ. 2005ರಲ್ಲಿ ವಿಮಾನ ನಗರದ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಹನ್ನೊಂದು ಜನರ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದೆ. ಇನ್ನೊಬ್ಬರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಸ್ವಭಾವಕ್ಕೆ ಒಪ್ಪುವ ಕೆಲಸ ಸಿಗುವುದು ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ. ನನಗೆ ಸಿಕ್ಕಿತ್ತು ಎಂದು ನಮ್ಮ ಅವ್ವ ಈಗಲೂ ಹೇಳುತ್ತಾಳೆ.

ಕಂಪನಿಯ ಮಾಲೀಕ ಮಾರ್ತಾಂಡ ಬೆಳಗಾವಿಯವರು, ಆಗ ಮೂವತ್ತಾರು ವಯಸ್ಸು. ಪುಣೆಯಲ್ಲಿ ಎಲ್ಲರೂ ಅಮೆರಿಕದ ಬ್ಯಾಂಕುಗಳಿಗೆ ಪ್ರೋಗ್ರಾಮು ಬರೆಯುತ್ತಿದ್ದಾಗ ಈ ಮನುಷ್ಯ ಸಕ್ಕರೆ ಕಾರ್ಖಾನೆಗಳಿಗೆ ಬರೆಯಲು ಹೊರಟಿದ್ದರು. ಯಾವ ರೈತ ಯಾವ ತಾರೀಖಿಗೆ ಕಬ್ಬು ನೆಟ್ಟ, ಅದನ್ನು ಯಾವಾಗ ಕಡಿಯಬೇಕು ಎಂದು ಹೇಳುವ ಪ್ರೋಗ್ರಾಮು. ಕೇಳಲು ಸುಲಭ. ಆದರೆ ನಮ್ಮಲ್ಲಿ ಒಬ್ಬರಿಗೂ ಕಬ್ಬಿನ ಗಂಧ ಇರಲಿಲ್ಲ. ನಮ್ಮ ಮುಖ್ಯ ಪ್ರೋಗ್ರಾಮರ್ ಋಷಿಕೇಶ ಬೆಂಗಳೂರಿನಿಂದ ಬಂದವನು. ಅವನು ಕಬ್ಬು ನೋಡಿದ್ದು ರಸ್ತೆ ಬದಿಯ ಜ್ಯೂಸಿನ ಗಾಡಿಯಲ್ಲಿ ಮಾತ್ರ. ಹಾಗಾಗಿ ಕಬ್ಬು ಬಲ್ಲವರೊಬ್ಬರು ಬೇಕಾದರು, ಮಾರ್ತಾಂಡ ಹುಡುಕಿ ತಂದದ್ದು ಹೊಳಬಸಪ್ಪ ಕಾಕಾನನ್ನು.

ಕಾಕಾನ ತಂದೆ ಇಂಡಿ ಕಡೆಯಿಂದ ರೈಲ್ವೆ ಹಳಿ ಕೆಲಸಕ್ಕೆಂದು ದೌಂಡಕ್ಕೆ ಬಂದು ಅಲ್ಲೇ ನಿಂತವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಹತ್ತನೆಯ ಇಯತ್ತೆಗೆ ಓದು ಮುಗಿಯಿತು. ಇಪ್ಪತ್ತೈದಕ್ಕೆ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ ಒಂದು ಸಕ್ಕರೆ ಕಾರ್ಖಾನೆಯ ಶೇತಕಿ ಆಫೀಸಿನಲ್ಲಿ, ಅಂದರೆ ಬೇಸಾಯ ವಿಭಾಗದಲ್ಲಿ, ಗುಮಾಸ್ತರಾಗಿ ಕಬ್ಬು ಕಡಿಯುವ ಪಾಳಿಯ ಪಟ್ಟಿ ಬರೆದರು. 2001ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ನಾಲ್ಕು ವರ್ಷ ಅವರಿವರ ಅಂಗಡಿಯಲ್ಲಿ ಕೂತು, ಐವತ್ತೊಂದನೆಯ ವಯಸ್ಸಿನಲ್ಲಿ ನಮ್ಮಲ್ಲಿಗೆ ಬಂದರು. ದಿನಾ ಬೆಳಿಗ್ಗೆ ದೌಂಡದಿಂದ ರೈಲು, ಪುಣೆ ಸ್ಟೇಶನ್ನಿನಿಂದ ಬಸ್ಸು. ಹತ್ತಕ್ಕೆ ಸರಿಯಾಗಿ ಬಿಳಿ ಅಂಗಿ, ಬಗಲಲ್ಲಿ ಬುತ್ತಿ.

ಪಾಳಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ರೈತ ಕಬ್ಬು ನೆಟ್ಟಾಗ ಕಾರ್ಖಾನೆಯಲ್ಲಿ ನೋಂದಾಯಿಸುತ್ತಾನೆ. ಆ ತಾರೀಖು, ಆ ತಳಿ ನೋಡಿ ಪಟ್ಟಿ ಆಗುತ್ತದೆ. ಕಡಿಯುವ ಆಳುಗಳ ಟೋಳಿ ಪಟ್ಟಿಯ ಪ್ರಕಾರ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಪಾಳಿ ತಪ್ಪಿದರೆ ಕಬ್ಬು ಸೂಲಂಗಿ ಒಡೆದು, ಅಂದರೆ ಹೂ ಬಿಟ್ಟು, ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಆದ್ದರಿಂದ ಪ್ರತಿಯೊಬ್ಬನಿಗೂ ತನ್ನ ಹೆಸರು ಮೇಲೆ ಬೇಕು. ಕೆಲವರಿಗೆ ಮೇಲೆ ಹೋಗುವ ದಾರಿಯೂ ಗೊತ್ತಿರುತ್ತದೆ.

ಹೀಗಿರುವಾಗ ಮಾರ್ತಾಂಡ ಯಾವುದೋ ಹೋಟೆಲಿನಲ್ಲಿ ಮೂರು ದಿನದ ತರಬೇತಿಗೆ ಹೋಗಿ ‘ಅಜೈಲ್’ ಕಲಿತು ಬಂದರು. ಇನ್ನು ಮುಂದೆ ವರ್ಷಗಟ್ಟಲೆ ಯೋಜನೆ ಹಾಕುವುದಿಲ್ಲ, ಎರಡೆರಡು ವಾರದ ಕಂತಿನಲ್ಲಿ ಕೆಲಸ. ಆ ಕಂತಿಗೆ ಸ್ಪ್ರಿಂಟ್ ಎಂದು ಹೆಸರು. ಮಾಡಬೇಕಾದ ಕೆಲಸಗಳೆಲ್ಲ ಒಂದು ಪಟ್ಟಿಯಲ್ಲಿ, ಅದು ಬ್ಯಾಕ್‌ಲಾಗ್. ದಿನಾ ಬೆಳಿಗ್ಗೆ ನಿಂತುಕೊಂಡೇ ಸಭೆ. ತಲೆಯ ಮೇಲೆ ವಿಮಾನ ಹಾರಿದಾಗೆಲ್ಲ ಸಭೆ ಬಾಯಿ ಮುಚ್ಚಿಕೊಂಡು ಕಾಯುತ್ತಿತ್ತು. ಹದಿನೈದು ನಿಮಿಷದ್ದು ಅರ್ಧ ತಾಸು ಆಗುತ್ತಿತ್ತು.

ಮೊದಲು ಗೋಡೆಗೆ ಹಳದಿ ಚೀಟಿ ಅಂಟಿಸಿದೆವು. ಫ್ಯಾನು ಹಾಕಿದ ಕೂಡಲೇ ಮುಂದಿನ ಸ್ಪ್ರಿಂಟಿನ ಕೆಲಸವೆಲ್ಲ ನೆಲದ ಮೇಲೆ. ಎರಡು ತಿಂಗಳು ಚೀಟಿ ಆರಿಸಿ ಸಾಕಾಗಿ, 2006ರ ಆರಂಭದಲ್ಲಿ ಮಾರ್ತಾಂಡ ಬ್ಯಾಕ್‌ಲಾಗ್ ನೋಡಿಕೊಳ್ಳುವ ಒಂದು ಟೂಲ್ ತಂದು ಆಫೀಸಿನ ಸರ್ವರಿನಲ್ಲಿ ಹಾಕಿಸಿದರು. ಪ್ರತಿ ಕೆಲಸಕ್ಕೆ ಒಂದು ಸಾಲು. ಯಾರಿಗೆ ಬೇಕು, ಏನು ಬೇಕು, ಯಾಕೆ ಬೇಕು ಎಂದು ಮೂರು ಖಾನೆ. ಪಕ್ಕದಲ್ಲಿ ಆರಿಸಿಕೊಳ್ಳಲು ತುರ್ತು, ಮಧ್ಯಮ, ನಿಧಾನ.

ಒಂದು ತಿಂಗಳಿಗೆ ಮುನ್ನೂರು ಕೆಲಸ ತುಂಬಿದವು. ಅವುಗಳಲ್ಲಿ ಇನ್ನೂರ ಅರವತ್ತು ತುರ್ತು! ಇದು ನಮ್ಮವರಿಗೆ ಮಾತ್ರ ಸಾಧ್ಯವಾದ ತಪ್ಪು. ಕಾರ್ಖಾನೆಯಿಂದ ಯಾರಾದರೂ ಫೋನು ಮಾಡಿ ಏನಾದರೂ ಕೇಳಿದರೆ ‘ಆಗೂದಿಲ್ಲ’ ಅನ್ನಲು ನಮಗೆ ನಾಲಿಗೆ ಏಳುವುದಿಲ್ಲ. “ಆತ್ರಿ ಸಾಹೇಬ್ರ, ಅರ್ಜಂಟ್ ಹಾಕ್ತೀನ್ರಿ” ಅನ್ನುತ್ತೇವೆ, ಹಾಕಿಯೂ ಬಿಡುತ್ತೇವೆ. ಹಾಕಿದ ಮೇಲೆ ಮಾಡಿದಷ್ಟೇ ಸಮಾಧಾನ. ಪ್ರತಿ ಪರದೆಯ ಮೇಲೆ ಕಾರ್ಖಾನೆಯ ಅಧ್ಯಕ್ಷರ ಫೋಟೊ ಬರಬೇಕು ಎನ್ನುವುದೂ ತುರ್ತು, ತೂಕದ ಲೆಕ್ಕ ತಪ್ಪುತ್ತಿದೆ ಎನ್ನುವುದೂ ತುರ್ತು.

ಕಾಕಾ ಆ ಪಟ್ಟಿಯನ್ನು ಇಡೀ ದಿನ ಕೂತು ಬೆರಳಿಟ್ಟು ಓದಿದರು. ಸಂಜೆ ಎದ್ದು ಅಂದರು: “ಎಲ್ಲಾರೂ ಪಲ್ಲಕ್ಕಿ ಏರಿ ಕುಂತಾರಲ್ರಿ. ಹೊರಾವ್ರು ಯಾರು?”

ಮರುದಿನವೇ ಆ ತುರ್ತು-ಮಧ್ಯಮ-ನಿಧಾನದ ಖಾನೆಯನ್ನೇ ತೆಗೆಸಿದರು. ಒಂದನೆಯ ನಂಬರಿಗೆ ಒಂದೇ ಕೆಲಸ, ಎರಡಕ್ಕೆ ಒಂದೇ. ಪ್ರತಿ ಸಾಲಿಗೂ ಕಾಕಾ ಕೇಳುತ್ತಿದ್ದ ಪ್ರಶ್ನೆಯೂ ಒಂದೇ: “ಇದು ಯಾರ ಕಬ್ಬು?” ಅಂದರೆ, ಈ ಕೆಲಸ ಆಗದಿದ್ದರೆ ಯಾರಿಗೆ ನಷ್ಟ, ಅವರ ಹೆಸರು ಹೇಳು. ಹೆಸರು ಹೇಳಲು ಬಾರದಿದ್ದರೆ ಸಾಲು ಅಳಿಸಿ ಹೋಯಿತು. ಋಷಿಕೇಶನಿಗೆ ಪರದೆಯ ಬಣ್ಣ ಬದಲಿಸುವ ಒಂದು ಪ್ರೀತಿಯ ಕೆಲಸವಿತ್ತು.

“ಚೆನ್ನಾಗಿ ಕಾಣ್ಸತ್ತೆ ಸಾರ್, ಯೂಸರ್ಸ್‌ಗೆ ಇಷ್ಟ ಆಗತ್ತೆ” ಅಂದ ಅವನು.

“ಯಾವ ಯೂಸರ್? ಊರು ಯಾವುದು ಅವರದು?”

ಆ ಸಾಲೂ ಅಳಿಸಿ ಹೋಯಿತು. ನನ್ನವೂ ಇಪ್ಪತ್ತು ಸಾಲು ಹೋದವು, ನಾನು ಎರಡು ದಿನ ಕಾಕಾನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಭೀಮವ್ವ ಕಾಕುವಿನ ಶೇಂಗಾ ಹೋಳಿಗೆ ಬಂತು, ಮಾತು ಶುರುವಾಯಿತು. ಆದರೆ ನಿಜ ಹೇಳಬೇಕು, ನಾಲ್ಕು ತಿಂಗಳಲ್ಲಿ ನಾವು ಮಾಡಿ ಮುಗಿಸಿದ ಕೆಲಸ ಹಿಂದಿನ ಒಂದು ವರ್ಷದಲ್ಲಿ ಆಗಿರಲಿಲ್ಲ. ಕಾರ್ಡಿನ ಮೇಲೆ ‘ಪ್ರಾಡಕ್ಟ್ ಓನರ್’ ಬಂದದ್ದು ಆಗಲೇ. ಪಟ್ಟಿಯ ಕ್ರಮ ಬದಲಿಸುವ ಅಧಿಕಾರ ಟೂಲಿನಲ್ಲಿ ಕಾಕಾನ ಹೆಸರಿಗೆ ಮಾತ್ರ ಇತ್ತು. ಆದರೆ ಅದರ ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿತ್ತು, ಕಾಕಾನಿಗೆ ಮತ್ತು ನನಗೆ. ಅವರಿಗೆ ಟೈಪಿಂಗ್ ನಿಧಾನ, ಅವರು ಹೇಳಿದ್ದನ್ನು ನಾನು ಹೊಡೆದು ಕೊಡುತ್ತಿದ್ದೆ.

ಆ ವರ್ಷ ದೌಂಡದ ಆಚೆಗಿನ ಒಂದು ದೊಡ್ಡ ಕಾರ್ಖಾನೆ ನಮ್ಮ ಪ್ರೋಗ್ರಾಮು ಹಾಕಿಸಿಕೊಳ್ಳಲು ಒಪ್ಪಿತ್ತು. ಅದರ ಹೆಸರು ಬೇಡ. ದೀಪಾವಳಿ ಆದ ಮೇಲೆ ಕಬ್ಬು ಅರೆಯುವ ಹಂಗಾಮು ಶುರು, ಅಷ್ಟರೊಳಗೆ ಪಾಳಿ ಪಟ್ಟಿ ನಮ್ಮ ಪ್ರೋಗ್ರಾಮಿನಿಂದಲೇ ಹೊರಬರಬೇಕು. ಅವರು ಹಿಡಿದರೆ ಇನ್ನು ನಾಲ್ಕು ಕಾರ್ಖಾನೆ ಬರುತ್ತವೆ. ಅವರು ಬಿಟ್ಟರೆ ಮಾರ್ಚಿಗೆ ಆಫೀಸಿನ ಬೀಗ ಹಾಕುವುದೇ ಸೈ ಎಂದು ಮಾರ್ತಾಂಡ ನಮ್ಮೆದುರೇ ಹೇಳಿದ್ದರು. ಅದೂ ಎಂಥ ವರ್ಷ! ಎಲ್ಲಿ ನೋಡಿದರೂ ಕಬ್ಬು, ಕಡಿದು ಮುಗಿಸುವುದು ಹೇಗೆ ಎಂದು ಎಲ್ಲ ಕಾರ್ಖಾನೆಗಳೂ ತಲೆ ಮೇಲೆ ಕೈ ಹೊತ್ತಿದ್ದವು. ಪಟ್ಟಿಯಲ್ಲಿ ಮೇಲಿದ್ದವನು ಗೆದ್ದ, ಕೆಳಗಿದ್ದವನು ಏಪ್ರಿಲ್ ಮೇ ತಿಂಗಳ ಬಿಸಿಲಿಗೆ.

ಆಗಸ್ಟಿನಲ್ಲಿ ಆ ಕಾರ್ಖಾನೆಯ ಉಪಾಧ್ಯಕ್ಷರು ಮಾರ್ತಾಂಡರನ್ನು ಕರೆಸಿ ಒಂದು ಸಣ್ಣ ಸೌಲಭ್ಯ ಕೇಳಿದರು. ಪಟ್ಟಿಯಲ್ಲಿ ಬೇಕಾದ ಹೆಸರನ್ನು ಮೇಲೆ ಸರಿಸಲು ಬರಬೇಕು, ಸರಿಸಿದ್ದು ಯಾರಿಗೂ ತಿಳಿಯಬಾರದು. ಮಾರ್ತಾಂಡ ಎಂದಿನಂತೆ “ಆತ್ರಿ ಸಾಹೇಬ್ರ” ಅಂದು ಬಂದರು. ಕಾಕಾ ಅದನ್ನು ಬ್ಯಾಕ್‌ಲಾಗಿನಲ್ಲಿ ಬರೆಸಿದ್ದು ಹೀಗೆ. ಯಾರಿಗೆ ಬೇಕು: ಉಪಾಧ್ಯಕ್ಷರಿಗೆ. ಏನು ಬೇಕು: ಯಾರಿಗೂ ಗೊತ್ತಾಗದಂತೆ ಪಾಳಿ ತಪ್ಪಿಸಲು. ಯಾಕೆ ಬೇಕು: ಹೇಳಿಲ್ಲ. ಬರೆಸಿ, ಪಟ್ಟಿಯ ಕಟ್ಟಕಡೆಗೆ ಹಾಕಿಸಿದರು. ನೂರ ಎಪ್ಪತ್ನಾಲ್ಕು.

ಮಾರ್ತಾಂಡ ಎರಡು ಸಲ ಕೇಳಿದರು, ಕಾಕಾ ಎರಡು ಸಲವೂ “ಅದರ ಪಾಳಿ ಬರಲಿ ಸಾಹೇಬ್ರ” ಅಂದರು. ಒಂದು ಶನಿವಾರ ಕಾಕಾ ಮನೆಗೆ ಹೊರಟ ಮೇಲೆ ಮಾರ್ತಾಂಡ ನನ್ನ ಟೇಬಲಿನ ಹತ್ತಿರ ಬಂದು ನಿಂತರು.

“ಮಂಜರಿ, ಆ ಉಪಾಧ್ಯಕ್ಷರ ಐಟಂ ಮ್ಯಾಲ ಹಾಕಿಬಿಡು, ನಂಬರ್ ಒಂದಕ್ಕ. ಸೋಮವಾರ ಸ್ಪ್ರಿಂಟ್ ಸುರು ಆಗ್ತದ. ಹೊಳಬಸಪ್ಪನವರು ನೋಡೂದ್ರಾಗ ಋಷಿ ಅರ್ಧಾ ಮುಗಿಸಿರ್ತಾನ.”

“ಕಾಕಾನ ಲಾಗಿನ್ ಬೇಕಾಗ್ತದ್ರಿ.”

“ನಿನಗ ಗೊತ್ತದ ಅಲ್ಲ? ಹನ್ನೊಂದು ಮನಿ ಪ್ರಶ್ನೆ ಅದವಾ.”

ನಾನು ಹಾಕಿದೆ. ಹನ್ನೊಂದು ಮನೆ ಎಂಬ ಮಾತಿಗೆ ಹಾಕಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಇಪ್ಪತ್ತು ಸಾಲು ಅಳಿಸಿಹೋದ ಸಿಟ್ಟೂ ಆ ಬೆರಳಲ್ಲಿ ಸ್ವಲ್ಪ ಇತ್ತು. ಕಾಕಾನ ಹೆಸರಿನಿಂದ ಒಳಗೆ ಹೋಗಿ, ನೂರ ಎಪ್ಪತ್ನಾಲ್ಕನ್ನು ಎಳೆದು ತಂದು ನೆತ್ತಿಯ ಮೇಲೆ ಕೂಡಿಸಿ, ಮನೆಗೆ ಹೋದೆ.

ಸೋಮವಾರ ಕಾಕಾ ಎಂದಿನಂತೆ ಬುತ್ತಿ ಇಟ್ಟು, ಕನ್ನಡಕ ಏರಿಸಿ, ಪರದೆಯ ಮೇಲೆ ಬೆರಳಿಟ್ಟರು. ಬೆರಳು ಮೊದಲ ಸಾಲಿನಲ್ಲೇ ನಿಂತಿತು. ಮೌಸು ಹಿಡಿದು ಏನೇನೋ ಒತ್ತಿದರು. ಆಮೇಲೆ ನನ್ನನ್ನು ಕರೆದರು.

“ಮಂಜರಿ, ಇಲ್ಲಿ ಬಾರವ್ವಾ. ಇದನ್ನ ಓದು.”

ಟೂಲಿನಲ್ಲಿ ಇತಿಹಾಸ ಎಂಬ ಒಂದು ಪುಟವಿತ್ತು. ಯಾವ ಸಾಲನ್ನು ಯಾರು, ಯಾವಾಗ, ಎಲ್ಲಿಂದ ಎಲ್ಲಿಗೆ ಸರಿಸಿದರು ಎಂದು ಅದು ತಾನಾಗಿಯೇ ಬರೆದಿಡುತ್ತದೆ. ಅದು ನನಗೆ ಗೊತ್ತಿತ್ತು, ಕಾಕಾನಿಗೆ ಗೊತ್ತಿರಲಾರದು ಎಂದುಕೊಂಡಿದ್ದೆ. ಹಳ್ಳಿಯ ಗುಮಾಸ್ತ, ಅಷ್ಟು ಒಳಗೆ ಹೋಗಿ ಯಾಕೆ ನೋಡುತ್ತಾರೆ ಎಂಬ ಸೊಕ್ಕು ನನ್ನದು.

“ಶನಿವಾರ ಸಂಜೀ ಆರು ಹತ್ತಕ್ಕ ಹೊಳಬಸಪ್ಪ ಸರಿಸ್ಯಾನ ಅಂತ ಬರದದ,” ಅಂದರು ಕಾಕಾ. “ಆರು ಹತ್ತಕ್ಕ ನಾ ದೌಂಡ ಗಾಡ್ಯಾಗ ಕಿಡಕಿ ಹಂತ್ಯಾಕ ಕುಂತಿದ್ದೆ. ನನ್ನ ಹೆಸರು ಇಲ್ಲಿ ಕುಂತು ಕೆಲಸಾ ಮಾಡೇದ.”

“ಟೂಲಿನಾಗ ಏನರ ಬಗ್ ಇರಬೇಕ್ರಿ ಕಾಕಾ. ನಾ ಚೆಕ್ ಮಾಡ್ತೀನಿ” ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ, ಯಾರೂ ಕೇಳುವ ಮೊದಲೇ. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಮುಖದಲ್ಲಿ ಇದ್ದದ್ದು ಸಂಕಟ. ನನಗೆ ಅಳು ಬಂತು, ಇದ್ದದ್ದನ್ನೆಲ್ಲ ಹೇಳಿಬಿಟ್ಟೆ.

ಕಾಕಾ ಕುರ್ಚಿ ಎಳೆದು ಕೂರಿಸಿದರು. ಯಾರಿಗೂ ಹೇಳದ ಒಂದು ಮಾತನ್ನು ಆ ದಿನ ನನಗೆ ಹೇಳಿದರು. 1996ರ ಹಂಗಾಮಿನಲ್ಲಿ ಅವರ ಹಳೆಯ ಕಾರ್ಖಾನೆಯ ಒಬ್ಬ ಡೈರೆಕ್ಟರು, ತನಗೆ ಬೇಕಾದವನೊಬ್ಬನ ಹೆಸರನ್ನು ಮೇಲೆ ಬರೆಯಲು ಹೇಳಿದ. ಕಾಕಾ ಹಾಳೆ ಹರಿದು ಪಟ್ಟಿಯನ್ನು ಹೊಸದಾಗಿ ಬರೆದರು. ಆ ಒಂದು ಹೆಸರಿಗಾಗಿ ಕೆಳಗೆ ಜಾರಿದವರಲ್ಲಿ ಶರಣಮ್ಮ ಎಂಬ ಹೆಂಗಸೂ ಇದ್ದಳು. ಟೋಳಿ ಅವಳ ಹೊಲಕ್ಕೆ ಹೋಗುವ ಹೊತ್ತಿಗೆ ಕಬ್ಬೆಲ್ಲ ಬೆಂಡು.

“ಆಫೀಸಿಗೆ ಬಂದು ಜಗಳಾ ಮಾಡ್ಲಿಲ್ಲವಾ ಆಕಿ. ಬೈಲಿಲ್ಲ. ನನ್ನ ಹೆಸರು ಕೆಳಗ ಯಾರು ಸರಿಸಿದ್ರು ಅಂತ ಒಂದ ಮಾತು ಕೇಳಿದ್ಳು. ನನಗ ಗೊತ್ತಿಲ್ಲ ಅಂದೆ. ಹಾಳಿ ನನ್ನ ಕೈಯಾಗ ಇತ್ತು, ಅಕ್ಷರ ನನ್ನವ.”

ಮೇಲೆ ವಿಮಾನ ಹೋಯಿತು. ಅದರ ಸದ್ದು ಮುಗಿಯುವ ತನಕ ಕಾಕಾ ಆ ಇತಿಹಾಸದ ಪುಟವನ್ನೇ ನೋಡುತ್ತಿದ್ದರು. ಆಮೇಲೆ ಎದ್ದರು. “ಹಾಳಿಗೆ ನೆನಪು ಇರೂದಿಲ್ಲ, ಇದಕ್ಕ ಅದ” ಎಂದು ಮಾರ್ತಾಂಡರ ಕೋಣೆಗೆ ನಡೆದರು. ನನ್ನನ್ನೂ ಕರೆದರು.

ಮಾರ್ತಾಂಡ ಮೊದಲೇ ತಯಾರಾಗಿ ಕೂತಿದ್ದರು. “ಹೊಳಬಸಪ್ಪನವರ, ತಪ್ಪು ನಂದು, ಹುಡುಗಿಗೆ ಏನೂ ಅನ್ನಬ್ಯಾಡ್ರಿ. ಆದ್ರ ಈ ಕೆಲಸಾ ಆಗಬೇಕು. ಇಲ್ಲಂದ್ರ ಅವರು ನಮ್ಮನ್ನ ಬಾಗಿಲಾಗ ನಿಲ್ಲಿಸ್ಕೊಳ್ಳೂದಿಲ್ಲ.”

“ಮಾಡೂನ್ರಿ,” ಅಂದರು ಕಾಕಾ.

ನಾವಿಬ್ಬರೂ ಅವರ ಮುಖ ನೋಡಿದೆವು.

“ಒಂದನೇ ನಂಬರಿಗೇ ಇರಲಿ. ಹೆಸರು ಮ್ಯಾಲ ಸರಿಸೂದು ಬೇಕಾಗ್ತದ್ರಿ ಸಾಹೇಬ್ರ. ಕಬ್ಬಿಗೆ ಬೆಂಕಿ ಬಿತ್ತಂದ್ರ ಎಂಟು ದಿನಾ ಕಾಯಾಕ ಆಗೂದಿಲ್ಲ, ಅದನ್ನ ಮೊದಲ ಕಡೀಬೇಕು. ಆದ್ರ ಸರಿಸಿದಾವ್ರ ಹೆಸರು, ಕಾರಣ, ತಾರೀಖು, ಮೂರೂ ಪಟ್ಟಿ ಬುಡಕ್ಕ ಅಚ್ಚಾಗಿ ಬರಬೇಕು. ಆ ಪಟ್ಟಿ ಹಳ್ಳಿ ಆಫೀಸಿನ ಗ್ವಾಡಿಗೆ ಹಚ್ಚಬೇಕು.”

“ಉಪಾಧ್ಯಕ್ಷರು ಕೇಳಿದ್ದು ಇದಲ್ಲಲ್ರಿ!”

“ಯಾಕ ಬೇಕು ಅನ್ನೂದನ್ನ ಅವರು ಹೇಳಿಲ್ಲ. ನಾ ತುಂಬೀನಿ. ಇದು ಬ್ಯಾಡಂದ್ರ ಟೂಲಿನಾಗಿಂದ ನನ್ನ ಹೆಸರು ತಗೀರಿ. ನಾಳಿಂದ ನಾ ಬರೂದಿಲ್ಲ. ಐವತ್ತೆರಡಕ್ಕ ಮತ್ತ ಅಂಗಡ್ಯಾಗ ಕುಂದ್ರತೀನಿ, ಅಡ್ಡಿ ಇಲ್ಲ.”

ಒಮ್ಮೆ ಕೆಲಸ ಕಳೆದುಕೊಂಡವರು ಅವರು, ಹೇಗಿರುತ್ತದೆ ಎಂದು ಬಲ್ಲವರು. ಮಾರ್ತಾಂಡ ಹಣೆ ಒತ್ತಿಕೊಂಡರು. ಕೊನೆಗೆ ಹೇಳಿದರು: “ಡೆಮೊ ನೀವ ಕೊಡಬೇಕು. ನನಗ ಅವರ ಮುಂದ ನಿಂದ್ರೂ ಧೈರ್ಯ ಇಲ್ಲ.” ತಮಗಿಲ್ಲದ ಧೈರ್ಯವನ್ನು ಇಲ್ಲ ಎಂದು ಒಪ್ಪಿಕೊಂಡ ಮಾಲೀಕನನ್ನು ನಾನು ಆಮೇಲೆ ಕಂಡಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವವಿದೆ.

ಇದಕ್ಕೆ ಜಾಗ ಮಾಡಲು ಆ ಸ್ಪ್ರಿಂಟಿನಿಂದ ಅಧ್ಯಕ್ಷರ ಫೋಟೊದ ಕೆಲಸ ಕೆಳಗಿಳಿಯಿತು. ಋಷಿಕೇಶ ಎಂಟು ದಿನದಲ್ಲಿ ಬರೆದು ಮುಗಿಸಿದ, ನಾನು ಪರೀಕ್ಷೆಗೆ ಕೂತೆ. ಜೀವನದಲ್ಲಿ ಯಾವ ಪ್ರೋಗ್ರಾಮನ್ನೂ ನಾನು ಅಷ್ಟು ಹಟದಿಂದ ಪರೀಕ್ಷೆ ಮಾಡಿಲ್ಲ. ಮೂರನೆಯ ದಿನ ಒಂದು ತಪ್ಪು ಸಿಕ್ಕಿತು. ಕಾರಣದ ಖಾನೆಯಲ್ಲಿ ಬರೀ ಒಂದು ಚುಕ್ಕಿ ಇಟ್ಟರೂ ಪ್ರೋಗ್ರಾಮು ಒಪ್ಪಿಕೊಳ್ಳುತ್ತಿತ್ತು.

“ಭೇಷ್!” ಅಂದರು ಕಾಕಾ. “ನಮ್ಮ ಕಡೆ ಒಂದು ಚುಕ್ಕಿ ಇಟ್ಟು ಪಾರಾಗೂ ಮಂದಿ ಭಾಳ ಅದಾರ.” ಋಷಿಕೇಶ ಅದನ್ನೂ ಮುಚ್ಚಿದ. ಕಾರಣವನ್ನು ಮಾತಿನಲ್ಲಿ ಬರೆಯದೆ ಹೆಸರು ಜಾಗ ಬಿಟ್ಟು ಅಲುಗಾಡದ ಹಾಗಾಯಿತು. ಅದೇ ವಾರ ಕಾಕಾ ಪಾಸ್‌ವರ್ಡ್ ಬದಲಿಸಿಕೊಂಡರು, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ನಾನು ಮುಖ ತಿರುಗಿಸಿ ಕೂತೆ.

ದಸರೆಯ ಹಿಂದಿನ ವಾರ ಡೆಮೊ. ಕಾರ್ಖಾನೆಯ ಸಭಾಕೋಣೆಯಲ್ಲಿ ಉಪಾಧ್ಯಕ್ಷರು, ಆರು ಜನ ಡೈರೆಕ್ಟರುಗಳು, ಮ್ಯಾನೇಜಿಂಗ್ ಡೈರೆಕ್ಟರ್ ಸಾಹೇಬರು. ಗೋಡೆಗುಂಟ ಕಾರ್ಖಾನೆಯ ಒಂಬತ್ತು ಹಳ್ಳಿ ಆಫೀಸುಗಳ ಗುಮಾಸ್ತರು ನಿಂತಿದ್ದರು, ಕಾಕಾನಂಥವರೇ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಕಾಕಾ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿದ್ದರು. ನೋಂದಣಿ ತೋರಿಸಿದರು, ಪಟ್ಟಿ ತೋರಿಸಿದರು. ಉಪಾಧ್ಯಕ್ಷರು ಕಾಲು ಅಲ್ಲಾಡಿಸುತ್ತ, “ಅದಿರಲಿ, ನಾನು ಹೇಳಿದ್ದೇನಾಯಿತು?” ಎಂದು ಕೇಳಿದರು.

“ಆಗಿದೆ ಸಾಹೇಬರೇ. ಮೊದಲನೆಯದು ನಿಮ್ಮ ಕೈಯಿಂದಲೇ ಆಗಲಿ” ಎಂದು ಕಾಕಾ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಉಪಾಧ್ಯಕ್ಷರು ಖುಷಿಯಿಂದ ಕೂತು ಮೌಸು ಹಿಡಿದರು. ಒಂದು ಹೆಸರು ಹುಡುಕಿ ಆರು ನೂರ ನಲವತ್ತರಿಂದ ಹನ್ನೆರಡಕ್ಕೆ ತಂದರು. ಆ ಹೆಸರು ಕಂಡು ಗೋಡೆಗುಂಟ ನಿಂತವರಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಪರದೆ ಕಾರಣ ಕೇಳಿತು. ಅವರು ಬಿಟ್ಟು ಮುಂದೆ ಹೋಗಲು ನೋಡಿದರು, ಹೋಗಲಿಲ್ಲ. ಚುಕ್ಕಿಯನ್ನೂ ಇಟ್ಟು ನೋಡಿದರು! ಮಾರ್ತಾಂಡ ನೆಲ ನೋಡುತ್ತಿದ್ದರು, ನಾನು ತುಟಿ ಕಚ್ಚಿ ನಿಂತಿದ್ದೆ. ಕೊನೆಗೆ ಬೇಸತ್ತು ‘ಸಂಬಂಧಿಕರು’ ಎಂದು ಹೊಡೆದರು. ಹೆಸರು ಮೇಲೆ ಹೋಯಿತು, ಪ್ರಿಂಟರಿನಿಂದ ಪಟ್ಟಿ ಬಂತು.

ಕಾಕಾ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದಿಟ್ಟರು. “ಬುಡದಲ್ಲಿ ನೋಡಿ ಸಾಹೇಬರೇ, ನಿಮ್ಮ ಹೆಸರು ಸ್ಪಷ್ಟವಾಗಿ ಬಂದಿದೆ. ಇದು ಒಂಬತ್ತೂ ಹಳ್ಳಿ ಆಫೀಸಿನ ಗೋಡೆಗೆ ಹೋಗುತ್ತದೆ.”

ಉಪಾಧ್ಯಕ್ಷರು ಹಾಳೆಯಿಂದ ತಲೆ ಎತ್ತದೆ, ಈ ಕೆಳಗಿನ ಸಾಲು ಬಾರದ ಹಾಗೆ ಮಾಡಲು ಬರುವುದಿಲ್ಲವೇ ಎಂದು ಕೇಳಿದರು.

“ಬರುತ್ತದೆ ಸಾಹೇಬರೇ. ನಮ್ಮ ಬ್ಯಾಕ್‌ಲಾಗಿನಲ್ಲಿ ಬರೆಸುತ್ತೇನೆ. ಯಾರು ಕೇಳಿದರು ಎಂಬಲ್ಲಿ ನಿಮ್ಮ ಹೆಸರು ಹಾಕುತ್ತೇನೆ. ಅದರ ಪಾಳಿ ಬಂದಾಗ ಮಾಡುತ್ತೇವೆ.”

ಮೊದಲು ನಕ್ಕದ್ದು ಮ್ಯಾನೇಜಿಂಗ್ ಡೈರೆಕ್ಟರು. ಆಮೇಲೆ ಒಬ್ಬ ಡೈರೆಕ್ಟರು. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಉಪಾಧ್ಯಕ್ಷರು ರಾಜಕಾರಣದಲ್ಲಿ ಕೂದಲು ಬೆಳ್ಳಗಾದವರು, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯದವರಲ್ಲ. ತಾವೂ ನಕ್ಕು, ಆ ಹೆಸರನ್ನು ತಮ್ಮ ಕೈಯಿಂದಲೇ ಆರು ನೂರ ನಲವತ್ತಕ್ಕೆ ವಾಪಸು ಕಳಿಸಿದರು. ಮ್ಯಾನೇಜಿಂಗ್ ಡೈರೆಕ್ಟರು ಎದ್ದು ಬಂದು ಕಾಕಾನಿಗೆ, ನೀವು ಮೊದಲು ಯಾವ ಕಾರ್ಖಾನೆಯಲ್ಲಿ ಇದ್ದಿರಿ ಎಂದು ಕೇಳಿದರು. ಹಂಗಾಮಿನ ಪಟ್ಟಿ ಇದರಿಂದಲೇ ಆಗಲಿ ಎಂದು ಅಲ್ಲೇ ಹೇಳಿದರು. ಹೊರಗೆ ಬಂದ ಮೇಲೆ ಮಾರ್ತಾಂಡ ಎಲ್ಲರೆದುರು ಬಗ್ಗಿ ಕಾಕಾನ ಪಾದ ಮುಟ್ಟಿದರು. ಕಾಕಾ, “ಏ ಏ ಸಾಹೇಬ್ರ, ಏನಿದು” ಎಂದು ಹಿಂದೆ ಸರಿಯಲು ಹೋಗಿ ಹೂಕುಂಡಕ್ಕೆ ಎಡವಿದರು.

ಹಂಗಾಮು ಶುರುವಾಯಿತು, ಆಫೀಸಿಗೆ ಬೀಗ ಬೀಳಲಿಲ್ಲ. ಒಂಬತ್ತು ಗೋಡೆಗಳ ಮೇಲೆ ವಾರಕ್ಕೊಮ್ಮೆ ಪಟ್ಟಿ ಬೀಳುತ್ತಿತ್ತು. ರೈತರು ಮೊದಲ ಸಾಲಿನಿಂದ ಓದುತ್ತಿರಲಿಲ್ಲ, ಬುಡದಿಂದ ಓದುತ್ತಿದ್ದರು. ಫೆಬ್ರವರಿಯ ತನಕ ಅಲ್ಲಿ ಬಂದ ಸಾಲುಗಳೆಲ್ಲ ಬೆಂಕಿ ಬಿದ್ದ ಹೊಲದವು.

ಆ ಫೆಬ್ರವರಿಯಲ್ಲಿ ನಾನು ಕಾರ್ಖಾನೆಯ ಕೆಲಸಕ್ಕೆಂದು ಹೋದವಳು ಮಧ್ಯಾಹ್ನ ಕಾಕಾನ ಜೊತೆ ದೌಂಡದ ಅವರ ಮನೆಗೆ ಊಟಕ್ಕೆ ಹೋದೆ. ಭೀಮವ್ವ ಕಾಕುವಿನ ತಮ್ಮ ಗುರಣ್ಣ ಬಂದು ಕೂತಿದ್ದ. ಅದೇ ಕಾರ್ಖಾನೆಗೆ ಕಬ್ಬು ಹಾಕುವವನು, ಮೂರು ಎಕರೆ. ಅವನ ಪಾಳಿ ಸಾವಿರದ ಮೇಲೆ ಎಲ್ಲೋ ಇತ್ತು. ಕಾಕು ಬಿಸಿ ರೊಟ್ಟಿ ತಟ್ಟಿ ಹಾಕುತ್ತಿದ್ದರು. ಎರಡನೆಯ ರೊಟ್ಟಿಗೆ ಗುರಣ್ಣ ಮಾತು ತೆಗೆದ.

“ಮಾಮಾ, ಸೂಲಂಗಿ ಒಡದದ. ಇನ್ನ ಎರಡ ತಿಂಗಳಂದ್ರ ತೂಕ ಉಳಿಯೂದಿಲ್ಲ. ಕಂಪ್ಯೂಟರಿನ ಕೀಲಿ ನಿಮ್ಮ ಕೈಯಾಗ ಅದ ಅಂತ ಊರಿಗೆ ಗೊತ್ತದ. ಒಂದಿಷ್ಟು ಮ್ಯಾಲ ತಗೊಳ್ರಿ.”

ಕೀಲಿ ನಿಜವಾಗಿಯೂ ಅವರ ಕೈಯಲ್ಲಿತ್ತು. ಪ್ರೋಗ್ರಾಮು ನೋಡಿಕೊಳ್ಳಲೆಂದು ಕಾರ್ಖಾನೆಯೇ ಕೊಟ್ಟಿತ್ತು. ಕಾಕಾ ತುತ್ತು ಕೆಳಗಿಟ್ಟರು. ಉಪಾಧ್ಯಕ್ಷರ ಎದುರು ಕೂಡ ಅವರ ಮುಖ ಹೀಗಾಗಿದ್ದನ್ನು ನಾನು ನೋಡಿರಲಿಲ್ಲ. ಕಾಕುವಿನ ಕೈ ಹಿಟ್ಟಿನಲ್ಲೇ ನಿಂತಿತ್ತು. ಬೆನ್ನಿಗೆ ಬಿದ್ದ ಒಬ್ಬನೇ ತಮ್ಮ ಅವನು.

“ತಗೋತೀನಿ,” ಅಂದರು ಕಾಕಾ ಕಾಕುವನ್ನು ನೋಡಿ. “ನೀ ಹೇಳಿದ್ರ ತಗೋತೀನಿ. ಆದ್ರ ಪಟ್ಟಿ ಬುಡಕ್ಕ ಸರಿಸಿದಾವ್ರು ಹೊಳಬಸಪ್ಪ, ಕಾರಣ ಹೇಂತಿ ತಮ್ಮ, ಅಂತ ಬರ್ತದ. ಸುಳ್ಳು ಕಾರಣ ನಾ ಬರಿಯೂದಿಲ್ಲ.”

ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಕಾಕು ಅದನ್ನು ತೆಗೆದು ಬದಿಗಿಟ್ಟರು, ಸೆರಗಿನಿಂದ ಮುಖ ಒರೆಸಿಕೊಂಡರು.

“ಬ್ಯಾಡ್ರಿ,” ಅಂದರು. “ಒಂಬತ್ತು ಊರಿನ ಮಂದಿ ಓದೂ ಹಾಳಿ ಅದು. ಅದರಾಗ ನಿಮ್ಮ ಹೆಸರು ಹಂಗ ಬರೂದು ಬ್ಯಾಡ.” ತಮ್ಮನ ಕಡೆ ತಿರುಗಿದರು. “ಗುರಣ್ಣಾ, ನಿನ್ನ ಪಾಳಿ ಬಂದ ದಿನಾ ಹೇಳಿ ಕಳಸು. ತೂಕ ಎಷ್ಟ ಇಳೀಲಿ, ನಾನೂ ಬಂದು ಕುಡಗೋಲು ಹಿಡೀತೀನಿ.”

ಕಾಕಾ ಬದಿಗಿಟ್ಟ ಆ ಸೀದ ರೊಟ್ಟಿಯನ್ನೇ ತಮ್ಮ ತಾಟಿಗೆ ಹಾಕಿಕೊಂಡರು. ನನಗಂತೂ ಎದೆ ಎಷ್ಟು ತುಂಬಿ ಬಂತೆಂದರೆ, ಅಲ್ಲಿ ಕೂತು ಊಟ ಮಾಡುತ್ತಿರುವುದೇ ಒಂದು ಪದವಿ ಅನ್ನಿಸಿತು.

ಏಪ್ರಿಲ್ ಕೊನೆಯ ವಾರ ಗುರಣ್ಣನ ಪಾಳಿ ಬಂತು. ಭೀಮವ್ವ ಕಾಕು ಮೊದಲ ಬಸ್ಸಿಗೇ ಹೋದರು.